ಒತ್ತಿಟ್ಟ ಹೂವು ಕಪ್ಪಾಗುವುದೇಕೆ?

ಅಮ್ಮಾ, ಮೊಮ್ಮಕ್ಕಳು ಆಯ್ದು ತಂದ ಹೂಗಳನ್ನು ಪುಸ್ತಕದಲ್ಲಿಟ್ಟರೆ ಕಪ್ಪಾಗಿ ಬೂಷ್ಟು ಬರುತ್ತಿದೆ, ಅವರು ಇನ್ನೊಂದು ವಾರದಲ್ಲಿ ಹೊರಡುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ತೊಂದರೆ ಇರುವುದು ತೇವದಲ್ಲಿ. ಇಬ್ಬನಿ ಆರಿದ ಮೇಲೆ ಕೀಳಲು ಹೇಳಿ. ದಪ್ಪ ಹೂವು ಬೇಡ, ತೆಳು ಎಸಳಿನದ್ದೇ ಇರಲಿ. ನುಣುಪು ಹಾಳೆ ನೀರನ್ನು ಅಷ್ಟಾಗಿ ಹೀರುವುದಿಲ್ಲ. ಹಳೇ ನ್ಯೂಸ್‌ಪೇಪರ್ ನಡುವೆ ಇಟ್ಟು ಮೇಲೆ ಭಾರ ಹೇರಿ. ಮೊದಲ ಕೆಲವು ದಿನ ಪೇಪರ್ ಬದಲಿಸುತ್ತಿರಿ, ಇದನ್ನು ಮಾತ್ರ ಮರೆಯಬೇಡಿ.

ಆದರೆ ಪೂರ್ತಿ ಒಣಗಲು 2-3 ವಾರ ಬೇಕು. ಮಕ್ಕಳಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು, ಅಲ್ವಾ? ಹೂವನ್ನು ನೀವೇ ಒಣಗಿಸಿ, ಕಾರ್ಡಿಗೆ ಅಂಟಿಸಿ ಆಮೇಲೆ ಅಂಚೆಯಲ್ಲಿ ಕಳಿಸಿ.

ಈಗಲೇ ಏನಾದರೂ ಮಾಡಬೇಕೆಂದರೆ ಎಲೆಯ ಅಚ್ಚು ತೆಗೆಸಿ. ನರ ಉಬ್ಬಿರುವ ಹಿಂಬದಿ ಮೇಲಕ್ಕೆ ಬರುವಂತೆ ಎಲೆ ಇಡಿ. ಅದರ ಮೇಲೆ ತೆಳು ಬಿಳಿ ಹಾಳೆ. ಕ್ರೇಯಾನಿನ ಹೊರ ಕಾಗದ ಸುಲಿದು, ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದರೆ ನರಗಳೆಲ್ಲ ಮೂಡುತ್ತವೆ. ಒಣಗಿದ ಎಲೆ ಪುಡಿಯಾಗುತ್ತದೆ, ಹಸಿಯದ್ದೇ ಆರಿಸಿ. ಚಿಕ್ಕವರು ಉಜ್ಜುವಾಗ ಹಾಳೆ ಜಾರದಂತೆ ನೀವು ಹಿಡಿದುಕೊಳ್ಳಿ. ಹಾಂ, ಗುರುತಿಲ್ಲದ ಗಿಡವಾದರೆ ಮುಟ್ಟುವ ಮೊದಲು ನಿಮ್ಮನ್ನು ಕೇಳಲಿ. ಕೆಲವು ಎಲೆಗಳಿಂದ ತುರಿಕೆ ಬರುತ್ತದೆ.