ಮನೆಗೊಂದು ಬೆಲ್ಲ, ಮಂಡಿಗೊಂದು ಬೆಲ್ಲ

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಮಾವನವರ ಆಲೆಮನೆ ಇದೆ. ಎರಡು ವರ್ಷದಿಂದ ನಾನು ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತಗೊಂಡು, ‘ರಾಸಾಯನಿಕ ಬಳಸದ ಬೆಲ್ಲ’ ಎಂದು ಲೇಬಲ್ ಅಂಟಿಸಿ ಬೆಂಗಳೂರಿಗೆ ಕಳಿಸುತ್ತೇನೆ. ಮಂಡಿಗಿಂತ ದುಪ್ಪಟ್ಟು ದರ ಸಿಗುತ್ತದೆ. ಮಂಡಿಗೆ ಹೋಗುವ ಬೆಲ್ಲಕ್ಕೆ ಹಳದಿ ಬಣ್ಣ ಬರಲೆಂದು ಮಾವ ಹೈಡ್ರೋಸ್ ಪುಡಿ ಹಾಕಿಸುತ್ತಾರೆ, ಮನೆಗೂ ನನ್ನ ಗಿರಾಕಿಗಳಿಗೂ ಬೇರೆ ಕೊಪ್ಪರಿಗೆ ಬೇಯಿಸುತ್ತಿದ್ದರು. ಸಂಕ್ರಾಂತಿಗೆ ಆರ್ಡರ್ ಜಾಸ್ತಿಯಾದಾಗ ನಮ್ಮ ಯಜಮಾನರು ಮಂಡಿ ಬೆಲ್ಲವನ್ನೇ ನನ್ನ ಪ್ಯಾಕೆಟ್‌ಗೆ ತುಂಬಿದ್ದಾರೆ. ಈಗ ಗೊತ್ತಾಯಿತು. ಒಬ್ಬ ತಾಯಿ, ‘ಮಗನಿಗೆ ಉಬ್ಬಸ, ನಿಮ್ಮ ಬೆಲ್ಲ ಬಿಟ್ಟು ಬೇರೆ ಕೊಡಲ್ಲ’ ಎಂದು ಮೆಸೇಜ್ ಹಾಕಿದ್ದಾರೆ. ಯಜಮಾನರನ್ನು ಕೇಳಿದರೆ ‘ಊರೆಲ್ಲ ಮಾಡೋದೇ, ಯಾರಿಗೇನಾಗಿದೆ’ ಅನ್ನುತ್ತಾರೆ. ನಿಜ ಹೇಳಿದರೆ ಮನೆ ಮರ್ಯಾದೆ ಹೋಗುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಆ ತಾಯಿಗೆ ಫೋನ್ ಮಾಡಿ, ತಂಗಿ. ಮೆಸೇಜ್ ಹಾಕಿ ಸುಮ್ಮನಾಗಬೇಡಿ. ‘ಸಂಕ್ರಾಂತಿಗೆ ಕಳಿಸಿದ ಬೆಲ್ಲದಲ್ಲಿ ಹೈಡ್ರೋಸ್ ಇದೆ, ಮಗುವಿಗೆ ಕೊಡಬೇಡಿ, ದುಡ್ಡು ವಾಪಸ್ ಹಾಕುತ್ತೇನೆ’ ಅಂದರೆ ಸಾಕು. ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಬಟ್ಟೆಗೆ ಬಣ್ಣ ಕಟ್ಟುವವರು ಬಳಸುವ ಪುಡಿ. ಅದು ಬೆಲ್ಲದಲ್ಲಿ ಗಂಧಕದ ಅಂಶ ಉಳಿಸುತ್ತದೆ. ಉಬ್ಬಸ ಇರುವ ಕೆಲವರಿಗೆ ಅಷ್ಟೇ ಸಾಕು, ಉಸಿರು ಕಟ್ಟುತ್ತದೆ. ‘ಯಾರಿಗೇನಾಗಿದೆ’ ಎಂದು ಯಜಮಾನರು ಕೇಳುತ್ತಾರಲ್ಲ, ಬೆಂಗಳೂರಿನ ಯಾವುದೋ ಮಹಡಿಯಲ್ಲಿ ಮಗು ರಾತ್ರಿಯಿಡೀ ಕೆಮ್ಮಿದರೆ ಆಲೆಮನೆಗೆ ಬಂದು ಹೇಳುವವರು ಯಾರು?

ಆ ತಾಯಿ ಬೈದರೆ ಬೈಸಿಕೊಳ್ಳಿ. ಗಂಡನ ಹೆಸರು ಎತ್ತಬೇಡಿ. ಲೇಬಲ್ ಮೇಲಿರುವುದು ನಿಮ್ಮ ನಂಬರು. ಆಮೇಲೆ ಸಂಕ್ರಾಂತಿ ಪ್ಯಾಕೆಟ್ ಪಡೆದ ಉಳಿದವರಿಗೂ ಇದೇ ಮಾತು ತಿಳಿಸಿ. ಕೆಲವರು ಗ್ರೂಪ್ ಬಿಟ್ಟು ಹೋಗುತ್ತಾರೆ, ಹೋಗಲಿ. ಮರ್ಯಾದೆಯ ಮಾತಿಗೆ ಬಂದರೆ, ಗಿರಾಕಿಯೊಬ್ಬರು ಲ್ಯಾಬಿಗೆ ಕೊಟ್ಟು ಪತ್ತೆ ಹಚ್ಚಿದಾಗ ಹೋಗುವ ಮರ್ಯಾದೆ ಇದಕ್ಕಿಂತ ದೊಡ್ಡದು. ಲೇಬಲ್‌ನಲ್ಲಿ ಸುಳ್ಳು ಬರೆದು ಮಾರಿದರೆ 2006ರ ಆಹಾರ ಸುರಕ್ಷತೆ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ 3 ಲಕ್ಷ ರೂಪಾಯಿವರೆಗೆ ದಂಡವಿದೆ. ಯಜಮಾನರಿಗೆ ನಿಮ್ಮ ಮಾತಿಗಿಂತ ಈ ಅಂಕಿ ಬೇಗ ತಟ್ಟಬಹುದು.

ಇನ್ನು ಮಾವನವರ ವಿಚಾರ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಮನೆಗೆ ಬೇರೆ ಕೊಪ್ಪರಿಗೆ’ ಎಂಬ ಮಾತು. ಅಂದರೆ ಅವರಿಗೆ ಎಲ್ಲ ಗೊತ್ತು, ನೀವು ಹೊಸದಾಗಿ ಕಲಿಸಬೇಕಾದ್ದು ಏನೂ ಇಲ್ಲ. ಪಾಪಪುಣ್ಯದ ಮಾತು ತೆಗೆದರೆ ‘ನಿನ್ನೆ ಮೊನ್ನೆ ಬಂದವಳು’ ಅನ್ನಿಸಿಕೊಳ್ಳುತ್ತೀರಿ, ಅಷ್ಟೇ. ಮಂಡಿಯಲ್ಲಿ ಹಳದಿ ಬೆಲ್ಲಕ್ಕೆ ಬೆಲೆ, ಕಪ್ಪು ಬೆಲ್ಲ ಅಂದರೆ ದಲ್ಲಾಳಿ ಮುಖ ತಿರುಗಿಸುತ್ತಾನೆ. ಅವನಾದರೂ ಏನು ಮಾಡಿಯಾನು? ಅಂಗಡಿಯಲ್ಲಿ ‘ಇದು ಕಪ್ಪಗಿದೆ, ಬೇರೆ ಇಲ್ವಾ’ ಎಂದು ಕೇಳುವವರು ನಾವೇ. ನಾನೂ ಎಷ್ಟೋ ವರ್ಷ ಕೇಳಿದವಳೇ.

ಹಾಗಾಗಿ ಅವರ ಮುಂದೆ ಲೆಕ್ಕದ ಪುಸ್ತಕ ಹಿಡಿದು ಕೂತುಕೊಳ್ಳಿ. ಒಂದು ಟನ್ ಕಬ್ಬಿಗೆ ಸುಮಾರು 100 ಕೆಜಿ ಬೆಲ್ಲ. ನಿಮಗೆ ತಿಂಗಳಿಗೆ 300 ಕೆಜಿ ಆರ್ಡರ್ ಇದ್ದರೆ 3 ಟನ್ ಕಬ್ಬು ನಿಮಗೆಂದೇ ಬೇರೆ ಬೇಯಬೇಕು. ಅದಕ್ಕಿಂತ ಒಂದು ಕೆಜಿ ಹೆಚ್ಚು ಆರ್ಡರ್ ಹಿಡಿಯಬೇಡಿ. ದುಪ್ಪಟ್ಟು ದರದ ಲಾಭ ಅವರ ಕೈಗೇ ಕೊಡಿ, ಮುಂದಿನ ಸಲ ನಿಮ್ಮ ಕೊಪ್ಪರಿಗೆಗೆ ಎಷ್ಟು ಕಬ್ಬು ಬಿಡಬೇಕೆಂದು ಅವರೇ ಹೇಳಲಿ. ಪೂರ್ತಿ ಆಲೆಮನೆ ಒಂದೇ ಹಂಗಾಮಿನಲ್ಲಿ ಬದಲಾಗುತ್ತದೆಂದು ನಾನು ಹೇಳಲಾರೆ.

ಬಣ್ಣದ ಚಿಂತೆಗೆ ಪರಿಹಾರ ಕೊಪ್ಪರಿಗೆಯಲ್ಲಿ ಅರ್ಧ, ಗದ್ದೆಯಲ್ಲಿ ಅರ್ಧ ಇದೆ. ಯೂರಿಯಾ ವಿಪರೀತ ಸುರಿದ ಕಬ್ಬು, ಬಲಿಯದ ಕಬ್ಬು, ಕಡಿದು ಎರಡು ಮೂರು ದಿನ ಬಿಸಿಲಲ್ಲಿ ಬಿದ್ದ ಕಬ್ಬು, ಇವುಗಳ ಬೆಲ್ಲ ಕಪ್ಪಾಗುತ್ತದೆ, ಗಟ್ಟಿಯೂ ಕಟ್ಟುವುದಿಲ್ಲ. ಬಲಿತ ಕಬ್ಬನ್ನು ಕಡಿದ ದಿನವೇ ಅರೆದು, ಬೆಂಡೆ ಗಿಡದ ಲೋಳೆ ಹಾಕಿ, ಮೇಲೆ ಬರುವ ಮಡ್ಡಿಯನ್ನು ಬೇಸರವಿಲ್ಲದೆ ತೆಗೆದರೆ ಹೊಂಗಂದು ಬಣ್ಣ ತಾನೇ ಬರುತ್ತದೆ. ನಿಮ್ಮ ಅತ್ತೆಗೆ ಇದೆಲ್ಲ ಗೊತ್ತಿರುತ್ತದೆ, ಕೇಳಿ ನೋಡಿ. ಹೈಡ್ರೋಸ್ ಕೊಟ್ಟ ಹಳದಿಯಂತೂ ನಿಲ್ಲುವ ಬಣ್ಣವಲ್ಲ. ಇಟ್ಟಲ್ಲೇ ಕಪ್ಪಾಗುತ್ತದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಬೆಲ್ಲದ ಪಾರ್ಕ್ ಇದೆ. ಮಾವನವರನ್ನೂ ಯಜಮಾನರನ್ನೂ ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ. ಸೊಸೆ ಹೇಳಿದ್ದನ್ನೇ ಅಲ್ಲಿನವರು ಹೇಳಿದರೆ ಕಿವಿಗೆ ಬೀಳುತ್ತದೆ. ಬೇಜಾರಿನ ಸಂಗತಿ, ಆದರೆ ಕೆಲಸ ಆಗಬೇಕಲ್ಲ.

ಇಷ್ಟಕ್ಕೂ ಮನೆಯಲ್ಲಿ ಒಪ್ಪದಿದ್ದರೆ ‘ರಾಸಾಯನಿಕ ಬಳಸದ’ ಎಂಬ ಸಾಲು ತೆಗೆದು ಮಂಡಿ ದರಕ್ಕೆ ಮಾರಿ, ಇಲ್ಲವೇ ಸದ್ಯಕ್ಕೆ ವ್ಯಾಪಾರ ನಿಲ್ಲಿಸಿ. ಒಪ್ಪಿದರೆ ಪ್ಯಾಕೆಟ್ ತುಂಬುವ ಕೆಲಸ ಇನ್ನು ಮುಂದೆ ನಿಮ್ಮದೇ. ಉಳಿದ ಲೇಬಲ್ ಕಟ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಸೆರಗಿಗೆ ಕಟ್ಟಿಕೊಳ್ಳಿ.