ಕೋಚ್ ಉತ್ತರ ಹೇಳುವುದಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ. ದುಡ್ಡು ದಂಡವೇ?

ಪ್ರಶ್ನೆ: ನನಗೆ 38 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ತೀರ್ಥಹಳ್ಳಿ ಹತ್ತಿರ ಮೂರು ಎಕರೆ ಅಡಿಕೆ ತೋಟವಿದೆ, ಅಪ್ಪನಿಗೆ ವಯಸ್ಸಾಯಿತು. ಕೆಲಸ ಬಿಟ್ಟು ಊರಿಗೆ ಹೋಗಲೋ ಬೇಡವೋ ಎಂದು ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ. ಲೈಫ್ ಕೋಚ್ ಒಬ್ಬರ ಬಳಿ ಮೂರು ಸೆಷನ್ ಆಯಿತು. ಏನು ಮಾಡಬೇಕೆಂದು ಅವರು ಹೇಳುವುದೇ ಇಲ್ಲ. ಮುಂದುವರಿಸಲೇ?

ಉತ್ತರ: ಹೇಳದಿರುವುದು ಅವರ ತಪ್ಪಲ್ಲ. ‘ಹೋಗು’, ‘ಬೇಡ’ ಎನ್ನುವವರು ನಿಮ್ಮ ಮನೆಯಲ್ಲೂ ಆಫೀಸಿನಲ್ಲೂ ಇದ್ದೇ ಇರುತ್ತಾರೆ. ಆದರೂ ತೀರ್ಮಾನ ಆಗಿಲ್ಲ. ಯಾರಾದರೂ ‘ಹೋಗು’ ಎಂದ ಕೂಡಲೇ ಮನಸ್ಸು ಹೋಗದಿರಲು ಕಾರಣ ಹುಡುಕುತ್ತದೆ, ‘ಬೇಡ’ ಎಂದರೆ ತೋಟದ ಪರ ವಾದಕ್ಕೆ ನಿಲ್ಲುತ್ತದೆ. ನಿಮ್ಮ ಬಾಯಿಂದಲೇ ಬಂದ ಕಾರಣದ ಜೊತೆ ಹಾಗೆ ಜಗಳ ಆಡುವುದು ಕಷ್ಟ. ಕೋಚಿಂಗ್ ನಿಂತಿರುವುದು ಇದರ ಮೇಲೆ.

ಆದರೆ ಸುಮ್ಮನೆ ಪ್ರಶ್ನೆ ಕೇಳಿದರೆ ಸಾಲದು, ಅದಕ್ಕೊಂದು ಕ್ರಮ ಬೇಕು. ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ಜಾನ್ ವಿಟ್ಮೋರ್ ಮತ್ತು ಜೊತೆಗಾರರು ರೂಪಿಸಿದ ‘ಗ್ರೋ’ ಕ್ರಮವನ್ನು ಇಂದಿಗೂ ಹೆಚ್ಚಿನವರು ಬಳಸುತ್ತಾರೆ: ಏನು ಬೇಕು, ಈಗ ಪರಿಸ್ಥಿತಿ ಹೇಗಿದೆ, ಯಾವ ಯಾವ ದಾರಿಗಳಿವೆ, ಯಾವುದನ್ನು ಯಾವಾಗ ಮಾಡುತ್ತೀರಿ. ಹೆಚ್ಚಿನ ಸೆಷನ್‌ಗಳು ಕೆಡುವುದು ಮೊದಲನೆಯದರಲ್ಲೇ. ‘ಬಿಡಲೋ ಬೇಡವೋ’ ಎಂಬುದು ಗುರಿಯಲ್ಲ. ‘ಊರಿಗೆ ಹೋದರೆ ಒಂದು ಸಾಮಾನ್ಯ ಮಂಗಳವಾರ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನು ಮಾಡುತ್ತಿರುತ್ತೀರಿ?’ ಎಂದು ಕೇಳಿ ನೋಡಿ. ಆಗ ಗೊತ್ತಾಗುತ್ತದೆ, ಬೇಕಿರುವುದು ತೋಟವೋ, ಅಪ್ಪನ ಜೊತೆ ಇರುವುದೋ, ಅಥವಾ ಈಗಿನ ಮ್ಯಾನೇಜರ್‌ನಿಂದ ಬಿಡುಗಡೆಯೋ ಎಂದು. ಮೂರಕ್ಕೂ ದಾರಿ ಬೇರೆ ಬೇರೆ.

ಇನ್ನೊಂದು ಪ್ರಶ್ನೆ ಅಳತೆಯದು. ಮದ್ಯವ್ಯಸನದ ಚಿಕಿತ್ಸೆಯಲ್ಲಿ ಮನೋವಿಜ್ಞಾನಿಗಳಾದ ಮಿಲ್ಲರ್ ಮತ್ತು ರೋಲ್ನಿಕ್ ಬೆಳೆಸಿದ ಕ್ರಮದಿಂದ ಬಂದದ್ದು.

‘ಹೋಗುವ ಮನಸ್ಸು ಹತ್ತಕ್ಕೆ ಎಷ್ಟು?’
‘ಆರು.’
‘ನಾಲ್ಕು ಯಾಕಲ್ಲ?’

ಈ ಕೊನೆಯ ಪ್ರಶ್ನೆಯನ್ನು ಉಲ್ಟಾ ಕೇಳಿ ಕೆಡಿಸುವವರೇ ಹೆಚ್ಚು. ‘ಹತ್ತು ಯಾಕಲ್ಲ?’ ಎಂದರೆ ಹೋಮ್ ಲೋನ್, ಮಕ್ಕಳ ಶಾಲೆ, ಎಲೆಚುಕ್ಕೆ ರೋಗ ಎಂದು ಅಡ್ಡಿಗಳ ಪಟ್ಟಿ ಬರುತ್ತದೆ. ‘ನಾಲ್ಕು ಯಾಕಲ್ಲ?’ ಎಂದರೆ ಹೋಗಬೇಕೆನಿಸುವುದರ ಕಾರಣಗಳು ಹೊರಬರುತ್ತವೆ. ಅದಾದ ಮೇಲೆ ಅಡ್ಡಿಗಳ ಲೆಕ್ಕ ಹಾಕಿ.

ಇನ್ನು ಸುಮ್ಮನೆ ಕೂರುವುದು. ಥಟ್ಟನೆ ಬರುವ ಮೊದಲ ಒಂದೆರಡು ಉತ್ತರ ನೀವು ನೂರು ಸಲ ಯೋಚಿಸಿದ್ದೇ ಆಗಿರುತ್ತದೆ. ‘ಇನ್ನೇನು?’ ಎಂದು ಕೇಳಿ ಹತ್ತು ಹದಿನೈದು ಸೆಕೆಂಡ್ ಕಾದರೆ ಹೊಸದು ಬರಲು ಜಾಗವಾಗುತ್ತದೆ. ಉದಾಹರಣೆಗೆ ಸಂಬಳವಿಲ್ಲದ ಎರಡು ತಿಂಗಳ ರಜೆ ಕೇಳಿ ಕೊಯ್ಲಿನ ಕಾಲ ಊರಿನಲ್ಲೇ ಇದ್ದು ನೋಡುವುದು. ಆ ಮೌನ ತಡೆಯಲಾರದೆ ನಡುವೆ ಬಾಯಿ ಹಾಕುವ ಕೋಚ್ ನಿಮ್ಮ ಉತ್ತರವನ್ನು ಕದ್ದಂತೆಯೇ.

ಒಂದು ವಿಷಯದಲ್ಲಿ ಮಾತ್ರ ನಿಮ್ಮೊಳಗೆ ಎಷ್ಟು ಹುಡುಕಿದರೂ ಉತ್ತರ ಸಿಗದು. ಮೂರು ಎಕರೆಯಲ್ಲಿ ಖರ್ಚು ಕಳೆದು ಉಳಿಯುವುದೆಷ್ಟು, ಹೊಸ ಸಸಿ ಇಟ್ಟರೆ ಫಲಕ್ಕೆ ಬರುವವರೆಗಿನ ಐದಾರು ವರ್ಷ ಮನೆ ನಡೆಯುವುದು ಹೇಗೆ, ಇದೆಲ್ಲ ಮಾಹಿತಿ. ಅಪ್ಪನ ಲೆಕ್ಕದ ಪುಸ್ತಕ, ತೋಟಗಾರಿಕೆ ಇಲಾಖೆ, ಅಕ್ಕಪಕ್ಕದ ಬೆಳೆಗಾರರು ಹೇಳಬೇಕಾದ್ದು. ಒಳ್ಳೆಯ ಕೋಚ್ ಅಲ್ಲಿಗೆ ಕಳಿಸುತ್ತಾರೆ.

ಸೆಷನ್ ಮುಗಿದಾಗ ನಿಮ್ಮ ಕೈಯಲ್ಲಿ ಏನಿದೆ ನೋಡಿ. ‘ಅಪ್ಪನ ಹತ್ತಿರ ಮಾತಾಡುತ್ತೇನೆ’ ಎಂಬುದು ಸಾಲದು. ‘ಭಾನುವಾರ ತಿಂಡಿ ಆದಮೇಲೆ ಅಪ್ಪನ ಜೊತೆ ಕೂತು ಮೂರು ವರ್ಷದ ಲೆಕ್ಕ ನೋಡುತ್ತೇನೆ’ ಎಂದಿದ್ದರೆ ಅದು ಹೆಜ್ಜೆ. ನಾಲ್ಕನೇ ಸೆಷನ್ನಿನ ಕೊನೆಗೂ ಅಂಥದ್ದೊಂದು ಇಲ್ಲದಿದ್ದರೆ ಅವರಿಗೇ ನೇರವಾಗಿ ಹೇಳಿ. ಆಮೇಲೂ ಬದಲಾಗದಿದ್ದರೆ ನಿಲ್ಲಿಸಿ.

ಪ್ರಶ್ನೆ: ಸರಿಯಾದ ಕೋಚ್ ಯಾರೆಂದು ತಿಳಿಯುವುದು ಹೇಗೆ?

ಉತ್ತರ: ನಮ್ಮ ದೇಶದಲ್ಲಿ ಲೈಫ್ ಕೋಚ್ ಎಂದು ಬೋರ್ಡ್ ಹಾಕಲು ಯಾವ ಪರವಾನಗಿಯೂ ಬೇಕಿಲ್ಲ. ಹಾಗಾಗಿ ವಿಚಾರಿಸುವ ಹೊಣೆ ನಿಮ್ಮದು. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ನಿನ ಮೊದಲ ಹಂತದ ಮಾನ್ಯತೆ ‘ಎಸಿಸಿ’ಗೆ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು; ಮುಂದಿನ ಹಂತದ ‘ಪಿಸಿಸಿ’ಗೆ 125 ಮತ್ತು 500. ಪ್ರಮಾಣಪತ್ರಕ್ಕಿಂತಲೂ ಮೊದಲ ಮಾತುಕತೆಯಲ್ಲಿ ಕಿವಿಗೊಟ್ಟು ಕೇಳಿ. ‘ಮೊದಲು ಹೆಂಡತಿಗೆ ಹೇಳಬಾರದೇಕೆ?’ ಎಂಬುದು ಪ್ರಶ್ನೆಯ ವೇಷದ ಸಲಹೆ. ಇಂಥದ್ದು ಪದೇ ಪದೇ ಬಂದರೆ, ಫಲಿತಾಂಶದ ಗ್ಯಾರಂಟಿ ಕೊಟ್ಟರೆ, ಇಡೀ ವರ್ಷದ ಹಣ ಮುಂಗಡ ಕೇಳಿದರೆ ಅವರ ಬಳಿ ಹೋಗಬೇಡಿ.

ಪ್ರಶ್ನೆ: ತಮ್ಮ ಒಂದು ತಿಂಗಳಿಂದ ಸರಿಯಾಗಿ ಊಟ, ನಿದ್ದೆ ಮಾಡುತ್ತಿಲ್ಲ, ಯಾರೊಡನೆಯೂ ಮಾತಿಲ್ಲ. ಕೋಚ್ ಬಳಿ ಕರೆದೊಯ್ಯಲೇ?

ಉತ್ತರ: ಬೇಡ. ಇಂಥ ಸ್ಥಿತಿ ಎರಡು ವಾರ ದಾಟಿತೆಂದರೆ ಮನೋವೈದ್ಯರು ನೋಡಬೇಕು. ಗುರಿ, ಹೆಜ್ಜೆ ಎಂದು ಈಗ ಕೇಳಿದರೆ ‘ನನ್ನಿಂದ ಏನೂ ಆಗದು’ ಎಂಬ ಭಾವ ಹೆಚ್ಚುತ್ತದಷ್ಟೇ. ಜಿಲ್ಲಾಸ್ಪತ್ರೆಯಲ್ಲಿ ತೋರಿಸಿ. ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿ ಹಗಲು ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.