ಕೊಡಗಿನ ಬಾಡಿಗೆ ಮನೆಯಲ್ಲಿ ಪೇಲಿಯೊ ರಾತ್ರಿಯೂಟ: ದನದ ಮಾಂಸದ ಅಡುಗೆಗಳಿಗೆ ಬದಲಾಗಿ ಏನು ಮಾಡಬಹುದು?

ಕೆಲಸದ ನಿಮಿತ್ತ ಮಡಿಕೇರಿಗೆ ಬಂದು ಬಾಡಿಗೆ ಮನೆಯಲ್ಲಿರುವುದಾಗಿಯೂ, ಎರಡು ತಿಂಗಳಿಂದ ಧಾನ್ಯ, ಬೇಳೆಕಾಳು, ಹಾಲು, ಸಕ್ಕರೆ ಬಿಟ್ಟ ಪೇಲಿಯೊ ಆಹಾರಕ್ರಮ ಹಿಡಿದಿರುವುದಾಗಿಯೂ, ಓದಿದ ರಾತ್ರಿಯೂಟದ ವಿಧಾನಗಳೆಲ್ಲ ದನದ ಮಾಂಸದವೇ ಆಗಿರುವುದರಿಂದ ಒಂದು ಒಲೆ, ಒಂದು ಕುಕ್ಕರಿನಲ್ಲಿ ಇಲ್ಲಿ ಏನು ಬೇಯಿಸಬಹುದೆಂದು ತೋಚುತ್ತಿಲ್ಲವೆಂದೂ ನೀವು ಬರೆದಿದ್ದೀರಿ. ನಾನು ವಿರಾಜಪೇಟೆಯ ಕಡೆಯ ತೋಟದ ಮನೆಯವಳು. ನನ್ನ ಯಜಮಾನರಿಗೆ ಸಕ್ಕರೆ ಕಾಯಿಲೆ ಎಂದು ತಿಳಿದು, ವೈದ್ಯರು ಅನ್ನವನ್ನು ಕಡಿಮೆ ಮಾಡಲು ಹೇಳಿದ ಮೇಲೆ, ಮೂರು ವರ್ಷಗಳಿಂದ ನಮ್ಮ ಮನೆಯ ರಾತ್ರಿಯೂಟ ಬಹುಮಟ್ಟಿಗೆ ಇದೇ ಕ್ರಮದಲ್ಲಿ ನಡೆಯುತ್ತಿದೆ. ಆದ್ದರಿಂದ ಮಾಡಿ ನೋಡಿದ್ದನ್ನಷ್ಟೇ ಹೇಳುತ್ತೇನೆ.

ಮೊದಲು ದನದ ಮಾಂಸದ ವಿಷಯ. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯ ಪ್ರಕಾರ ಹಸು, ಕರು, ಎತ್ತು, ಹೋರಿ ಯಾವ ವಯಸ್ಸಿನದಾದರೂ ಅದರ ವಧೆ ನಿಷಿದ್ಧ. 13 ವರ್ಷ ದಾಟಿದ ಎಮ್ಮೆ ಮತ್ತು ಕೋಣಗಳಿಗೆ ಮಾತ್ರ ಅಧಿಕಾರಿಯ ದೃಢೀಕರಣದ ಮೇಲೆ ಅವಕಾಶವಿದೆ. ಅಷ್ಟು ವಯಸ್ಸಾದ ಪ್ರಾಣಿಯ ಮಾಂಸ ಎಷ್ಟು ಗಟ್ಟಿಯಾಗಿರುತ್ತದೆಂದರೆ, ನೀವು ಓದಿದ ಹತ್ತು ನಿಮಿಷದ ಅಡುಗೆಗಳಿಗೆ ಅದು ಒಗ್ಗುವುದೇ ಇಲ್ಲ. ನಮ್ಮ ಕೊಡವ ಮನೆಗಳಲ್ಲಿ ದನದ ಮಾಂಸ ಬೇಯಿಸುವ ರೂಢಿಯೂ ಇಲ್ಲ. ಆದರೆ ಆ ವಿಧಾನಗಳನ್ನು ನಿಧಾನವಾಗಿ ಓದಿದರೆ ಬಹುಪಾಲು ಅಡುಗೆಗಳಲ್ಲಿ ನಡೆಯುವ ಕ್ರಿಯೆ ಒಂದೇ ಎಂಬುದು ಕಾಣುತ್ತದೆ: ಮಾಂಸ ತನ್ನದೇ ನೆಣದಲ್ಲಿ ಕೆಂಪಗೆ ಹುರಿಯುತ್ತದೆ, ತನ್ನದೇ ನೀರಿನಲ್ಲಿ ಮೆತ್ತಗಾಗುತ್ತದೆ, ಕೊನೆಯಲ್ಲಿ ಒಂದು ಹುಳಿ ಅದರ ಜಿಡ್ಡನ್ನು ಮುರಿಯುತ್ತದೆ. ನಮ್ಮ ಪಂದಿ ಕರಿಯಲ್ಲಿ, ಅಂದರೆ ಹಂದಿಮಾಂಸದ ಕರಿಯಲ್ಲಿ, ಈ ಮೂರೂ ಇದೇ ಅನುಕ್ರಮದಲ್ಲಿವೆ. ಅದಕ್ಕೆ ಹಿಟ್ಟು ಬೇಡ, ಸಕ್ಕರೆ ಬೇಡ, ಹಾಲು ಮೊಸರು ಬೇಡ, ಎಣ್ಣೆಯೂ ಬೇಡ. ಕೊಡಗಿನಲ್ಲಿ ಪೇಲಿಯೊ ಊಟಕ್ಕೆ ತೊಡಕಾಗುವುದು ಕರಿಯ ಪಕ್ಕದಲ್ಲಿ ಕೂರುವ ಕಡಂಬುಟ್ಟು ಎಂಬ ಅಕ್ಕಿ ಕಡುಬು, ನೂಪುಟ್ಟು ಎಂಬ ಅಕ್ಕಿ ಶಾವಿಗೆ ಮತ್ತು ಅಕ್ಕಿ ರೊಟ್ಟಿ. ಹಾಗಾಗಿ ಅವುಗಳ ಜಾಗಕ್ಕೆ ಏನು ಬರಬೇಕೆಂಬುದನ್ನು ನೀವು ಮಾಂಸಕ್ಕಿಂತ ಹೆಚ್ಚು ಯೋಚಿಸಬೇಕಾಗುತ್ತದೆ.

ಪೇಲಿಯೊ ಕ್ರಮದ ನಿಯಮಗಳು ನಿಮಗೆ ಗೊತ್ತೇ ಇವೆ: ಸುಮಾರು 10,000 ವರ್ಷಗಳ ಹಿಂದೆ ಬೇಸಾಯ ಆರಂಭವಾಗುವ ಮೊದಲು ಮನುಷ್ಯನಿಗೆ ದೊರೆಯುತ್ತಿದ್ದಂಥ ಆಹಾರ, ಅಂದರೆ ಮಾಂಸ, ಮೀನು, ಮೊಟ್ಟೆ, ಸೊಪ್ಪು, ತರಕಾರಿ, ಹಣ್ಣು, ಬೀಜಗಳು ಸೇರಬಹುದು, ಧಾನ್ಯ, ಬೇಳೆಕಾಳು, ಹಾಲಿನ ಪದಾರ್ಥ, ಸಕ್ಕರೆ ಸೇರಬಾರದು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ‘ನಿಜವಾದ ಆದಿಮಾನವನ ಊಟ ಬೇಕಾದರೆ ಕಾಡುಹಂದಿ ತಿನ್ನಿ’ ಎಂದು ಯಾರಾದರೂ ಹೇಳಿದರೆ, ಎಷ್ಟೇ ಆತ್ಮೀಯವಾಗಿ ಹೇಳಿದರೂ ಒಪ್ಪಬೇಡಿ. ಹಿಂದಿನವರು ಕಾಡುಹಂದಿಯಲ್ಲೇ ಪಂದಿ ಕರಿ ಮಾಡುತ್ತಿದ್ದುದು ನಿಜವಾದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಬೇಟೆ ಅಪರಾಧ. ಇಂದು ನಾವೆಲ್ಲರೂ ಬೇಯಿಸುವುದು ಸಾಕಿದ ಹಂದಿಯನ್ನೇ.

ಅಂಗಡಿಯಲ್ಲಿ ಭುಜದ ಭಾಗವನ್ನು ಕೇಳಿ, ಚರ್ಮ ಮತ್ತು ನೆಣ ಸಹಿತವಾಗಿ ಒಂದು ಅಂಗುಲದ ತುಂಡುಗಳಾಗಿ ಕಡಿಸಿಕೊಳ್ಳಿ. ಬರೀ ಕೆಂಪು ಮಾಂಸ ಆರೋಗ್ಯಕ್ಕೆ ಒಳ್ಳೆಯದೆಂದು ಆರಿಸಿ ತಂದರೆ ಕರಿ ನಾರುನಾರಾಗುತ್ತದೆ, ಮೇಲೆ ಎಣ್ಣೆಯನ್ನೂ ಸುರಿಯಬೇಕಾಗುತ್ತದೆ. ಒಂದು ಕಿಲೋ ಮಾಂಸವನ್ನು ತೊಳೆದು, ನೀರು ಬಸಿದು, ಅರಿಶಿನ, ಉಪ್ಪು ಮತ್ತು ಸ್ವಲ್ಪ ಮೆಣಸಿನ ಪುಡಿ ಹಚ್ಚಿ ಅರ್ಧ ಗಂಟೆ ಇಡಿ. ಹತ್ತು ಹನ್ನೆರಡು ಸಣ್ಣ ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಎರಡು ಅಂಗುಲ ಶುಂಠಿ, ನಾಲ್ಕು ಹಸಿಮೆಣಸಿನಕಾಯಿಗಳನ್ನು ತರಿತರಿಯಾಗಿ ಜಜ್ಜಿಕೊಳ್ಳಿ. ನುಣ್ಣಗೆ ರುಬ್ಬಿದರೆ ಅದು ತಳ ಹಿಡಿಯುತ್ತದೆ. ಕುಕ್ಕರಿನಲ್ಲಿ ಮೊದಲು ನೆಣ ಹೆಚ್ಚಿರುವ ನಾಲ್ಕೈದು ತುಂಡುಗಳನ್ನು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ, ಐದಾರು ನಿಮಿಷಗಳಲ್ಲಿ ಒಗ್ಗರಣೆಗೆ ಬೇಕಾದಷ್ಟು ಕೊಬ್ಬು ಕರಗಿ ಬರುತ್ತದೆ. ಅದರಲ್ಲೇ ಜಜ್ಜಿದ್ದನ್ನು ಹುರಿದು, ಉಳಿದ ಮಾಂಸ ಸೇರಿಸಿ, ನೀರು ಬಿಟ್ಟುಕೊಂಡ ಮೇಲೆ ಅರ್ಧ ಲೋಟ ಬಿಸಿನೀರು ಮಾತ್ರ ಹಾಕಿ ನಾಲ್ಕು ಸೀಟಿ ಕೂಗಿಸಿ.

ಅದು ಬೇಯುವಷ್ಟರಲ್ಲಿ ಪುಡಿಯನ್ನು ಸಿದ್ಧಪಡಿಸಬಹುದು. ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ದೊಡ್ಡ ಚಮಚ ಕರಿಮೆಣಸು, ಒಂದು ಸಣ್ಣ ಚಮಚ ಜೀರಿಗೆ, ಅರ್ಧ ಸಣ್ಣ ಚಮಚ ಸಾಸಿವೆಗಳನ್ನು ಒಣ ಬಾಣಲೆಯಲ್ಲಿ ಒಂದೊಂದಾಗಿ, ಕಾಫಿ ಬೀಜದ ಬಣ್ಣ ಬರುವ ತನಕ ಹುರಿಯಿರಿ. ಹೊರಗಿನಿಂದ ಬಂದವರು ಸಾಮಾನ್ಯವಾಗಿ ಇಲ್ಲಿ ಹೆದರಿ ಬೇಗ ಇಳಿಸುತ್ತಾರೆ, ಕರಿ ಸಾಂಬಾರಿನ ಬಣ್ಣಕ್ಕೆ ನಿಲ್ಲುತ್ತದೆ. ಸುಡಬಾರದು, ಆದರೆ ಸುಡುವ ಅಂಚಿನವರೆಗೂ ಹೋಗಲೇಬೇಕು. ಕೆಲವು ಮನೆಗಳಲ್ಲಿ ನಾಲ್ಕು ಕಾಳು ಮೆಂತ್ಯವನ್ನೂ ಹಾಕುತ್ತಾರೆ; ಮೆಂತ್ಯವು ಬೇಳೆಕಾಳುಗಳ ಕುಟುಂಬದ ಬೀಜವಾದ್ದರಿಂದ ನೀವು ಕಟ್ಟುನಿಟ್ಟಾಗಿದ್ದರೆ ಬಿಡಬಹುದು, ರುಚಿಗೆ ದೊಡ್ಡ ನಷ್ಟವಿಲ್ಲ. ಕುಕ್ಕರಿನ ಒತ್ತಡ ಇಳಿದ ಮೇಲೆ ಮುಚ್ಚಳ ತೆಗೆದು, ಪುಡಿ ಹಾಕಿ, ರಸ ಮಾಂಸಕ್ಕೆ ಅಂಟುವವರೆಗೆ ಹದಿನೈದು ಇಪ್ಪತ್ತು ನಿಮಿಷ ತೆರೆದೇ ಬತ್ತಿಸಿ. ಸಮಯವಿರುವ ದಿನ ಕುಕ್ಕರನ್ನು ಬಿಟ್ಟು ದಪ್ಪ ತಳದ ಪಾತ್ರೆಯಲ್ಲಿ ಒಂದೂಕಾಲು ಗಂಟೆ ಬೇಯಿಸಿ ನೋಡಿ. ಚರ್ಮ ಜಾರಿ ಹೋಗದೆ, ಮೆತ್ತಗಾಗಿಯೂ ಹಲ್ಲಿಗೆ ಸಿಗುವಂತೆ ಉಳಿಯುವುದು ಅದರಲ್ಲಿಯೇ.

ಇನ್ನು ಕೊನೆಯಲ್ಲಿ ಹಾಕುವ ಹುಳಿ, ಕಾಚಂಪುಳಿ. ಇದೊಂದನ್ನು ಸರಿಯಾಗಿ ತಿಳಿದುಕೊಂಡರೆ ಉಳಿದ ಅಡುಗೆಗಳೂ ನಿಮಗೆ ಕೈವಶವಾಗುತ್ತವೆ ಎಂದು ನನ್ನ ದೃಢ ಅಭಿಪ್ರಾಯ. ಕನ್ನಡದಲ್ಲಿ ಉಪ್ಪಾಗೆ ಎನ್ನುವ, ಪುನರ್ಪುಳಿಯ ಬಳಗಕ್ಕೆ ಸೇರಿದ ಮರದ ಹಣ್ಣುಗಳು ಮಳೆಗಾಲದಲ್ಲಿ ಹಣ್ಣಾಗಿ ಉದುರುತ್ತವೆ. ಅವನ್ನು ಬುಟ್ಟಿಯಲ್ಲಿ ರಾಶಿ ಹಾಕಿದರೆ ಕೊಳೆತು ರಸ ತೊಟ್ಟಿಕ್ಕುತ್ತದೆ, ಆ ರಸವನ್ನು ಗಂಟೆಗಟ್ಟಲೆ ಕುದಿಸಿ ಇಂಗಿಸಿದಾಗ ಕೀಲೆಣ್ಣೆಯಂತೆ ಕಪ್ಪಗೆ, ಮಂದವಾಗಿ ಉಳಿಯುವುದೇ ಕಾಚಂಪುಳಿ. ಚೆನ್ನಾಗಿ ಇಂಗಿಸಿದ್ದು ವರ್ಷಗಟ್ಟಲೆ ಕೆಡುವುದಿಲ್ಲ. ಅದರಲ್ಲಿ ಸಕ್ಕರೆ ಬೆರೆಯುವುದಿಲ್ಲ, ಧಾನ್ಯದ ಸೋಂಕಿಲ್ಲ. ನಿಮ್ಮ ವಿಧಾನಗಳಲ್ಲಿ ಬರುವ ಸೋಯಾ ಸಾಸಿನಲ್ಲಿ ಸೋಯಾ ಕಾಳಿನ ಜೊತೆ ಬಹುಮಟ್ಟಿಗೆ ಗೋಧಿಯೂ ಇರುವುದರಿಂದ ಪೇಲಿಯೊದವರು ಅದಕ್ಕೆ ಬದಲಿ ಹುಡುಕುತ್ತಾರೆ. ಬಣ್ಣ ಮತ್ತು ಹುಳಿ ಎರಡನ್ನೂ ಕೊಡುವ ಕಾಚಂಪುಳಿ ಆ ಜಾಗದಲ್ಲಿ ಚೆನ್ನಾಗಿ ಕೂರುತ್ತದೆ, ಉಪ್ಪನ್ನು ಮಾತ್ರ ಬೇರೆಯಾಗಿ ನೋಡಿಕೊಳ್ಳಬೇಕು. ಕೊಳ್ಳುವಾಗ ಬಿಳಿ ತಟ್ಟೆಯಲ್ಲಿ ಒಂದು ಹನಿ ಬಿಟ್ಟು ತಟ್ಟೆಯನ್ನು ಓರೆ ಮಾಡಿ ನೋಡಿ. ನೀರಿನಂತೆ ಓಡಿಬಿಟ್ಟರೆ ಬೇರೆ ಕಡೆ ವಿಚಾರಿಸಿ.

ಒಂದು ಕಿಲೋ ಮಾಂಸಕ್ಕೆ ಒಂದರಿಂದ ಒಂದೂವರೆ ದೊಡ್ಡ ಚಮಚ ಸಾಕು, ಅದನ್ನೂ ಮಾಂಸ ಪೂರ್ತಿ ಬೆಂದ ಮೇಲೆ, ಇಳಿಸುವ ಐದು ನಿಮಿಷ ಮೊದಲು ಹಾಕಬೇಕು. ಮದುವೆಯಾದ ಹೊಸತರಲ್ಲಿ ನಾನು ಅದನ್ನು ಮೊದಲೇ ಸುರಿದು, ಅಲ್ಯೂಮಿನಿಯಂ ಪಾತ್ರೆಯಲ್ಲಿ ಒಂದು ಗಂಟೆ ಕುದಿಸಿದ್ದೆ. ಮಾಂಸ ಬಿಗಿದುಕೊಂಡಿತು, ಕರಿಗೆ ಲೋಹದ ಒಗರು ಬಂತು, ಅಷ್ಟು ಜನಕ್ಕೆ ಮಾಡಿದ ಅಡುಗೆಯನ್ನು ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ನಿಮ್ಮ ಕುಕ್ಕರು ಅಲ್ಯೂಮಿನಿಯಮ್ಮಿನದಾದರೆ, ಬತ್ತಿಸುವ ಹಂತದಲ್ಲಿ ಸ್ಟೀಲು ಪಾತ್ರೆಗೋ ಮಣ್ಣಿನ ಮಡಕೆಗೋ ಬದಲಾಯಿಸಿ ಆಮೇಲೆ ಹುಳಿ ಹಾಕಿ.

ತಟ್ಟೆಯ ಉಳಿದ ಅರ್ಧಕ್ಕೆ ಬರೋಣ. ಕಡಂಬುಟ್ಟಿನ ಕೆಲಸ ಕರಿಯ ಖಾರವನ್ನೂ ಜಿಡ್ಡನ್ನೂ ಹೀರಿಕೊಳ್ಳುವುದು. ಆ ಕೆಲಸವನ್ನು ಬೇಯಿಸಿದ ಗೆಣಸು ಚೆನ್ನಾಗಿ ಮಾಡುತ್ತದೆ. ನಮ್ಮ ಸುಗ್ಗಿಯ ಹಬ್ಬವಾದ ಪುತ್ತರಿಯ ಹೊತ್ತಿಗೆ ಬರುವ ನೇರಳೆ ಬಣ್ಣದ ಬಳ್ಳಿಗೆಣಸು ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಸಕ್ಕರೆ ಕಾಯಿಲೆಯಿರುವವರಿಗೆ ಗೆಣಸೂ ಮಿತಿಯಲ್ಲೇ ಇರಬೇಕಾದ್ದರಿಂದ, ನಮ್ಮ ಮನೆಯಲ್ಲಿ ವಾರದ ಹೆಚ್ಚಿನ ದಿನ ಎಲೆಕೋಸನ್ನು ದಪ್ಪಗೆ ಹೆಚ್ಚಿ, ಕರಿಯ ಮೇಲೆ ತೇಲಿದ ನೆಣವನ್ನೇ ಎರಡು ಚಮಚ ತೆಗೆದು, ಅದರಲ್ಲಿ ಕರಿಮೆಣಸಿನೊಡನೆ ಬಾಡಿಸುತ್ತೇನೆ. ಮಳೆಗಾಲದಲ್ಲಿ ಕೆಂಬಿನ, ಅಂದರೆ ಕೆಸುವಿನ ಸೊಪ್ಪು ಹೇರಳವಾಗಿರುತ್ತದೆ. ಅದರಲ್ಲಿರುವ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ ಗಂಟಲು ತುರಿಸುತ್ತದೆಯಾದ್ದರಿಂದ ಚೆನ್ನಾಗಿ ಬೇಯಿಸಿ, ಹುಳಿ ಸೇರಿಸಿಯೇ ತಿನ್ನಬೇಕು.

ಬೈಂಬಳೆ, ಅಂದರೆ ಕಳಲೆಯ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಎಳೆ ಬಿದಿರಿನಲ್ಲಿ ಸಯನೈಡನ್ನು ಬಿಡುಗಡೆ ಮಾಡುವ ಅಂಶವಿರುತ್ತದೆ. ತೆಳ್ಳಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಾಯಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಕುದಿಸಿ ಆ ನೀರನ್ನೂ ಚೆಲ್ಲಿದರೆ ಅದು ಹೋಗುತ್ತದೆ. ಅಜ್ಜಿಯರು ಕಾರಣ ಹೇಳದೆ ಮಾಡುತ್ತಿದ್ದುದು ಇದನ್ನೇ. ಅರಣ್ಯದ ಬಿದಿರಿಗೆ ಕೈಹಾಕದೆ, ತೋಟದ ಬಿದಿರಿನ ಕಳಲೆಯನ್ನೇ ಕೊಂಡುಕೊಳ್ಳಿ. ಹಂದಿಮಾಂಸದ ಜೊತೆ ಅದನ್ನು ಒಟ್ಟಿಗೇ ಬತ್ತಿಸಿದರೆ ಬೇರೆ ಪಲ್ಯವೇ ಬೇಕಾಗುವುದಿಲ್ಲ.

ದಿನವೂ ಹಂದಿಮಾಂಸ ತಿನ್ನುವುದು ಬೇಡ. ನೀವು ಹೆಸರಿಸಿದ ‘ಕೊಚ್ಚಿದ ದನದ ಮಾಂಸ ಮತ್ತು ಎಲೆಕೋಸು’ ಎಂಬ ಅಡುಗೆಯನ್ನು ಕುರಿಯ ಖೀಮಾದಲ್ಲಿ ಮಾಡಿದರೆ ಇಪ್ಪತ್ತೈದು ನಿಮಿಷದಲ್ಲಿ ಮುಗಿಯುತ್ತದೆ: ಖೀಮಾವನ್ನು ನೀರು ಹಾಕದೆ ದೊಡ್ಡ ಉರಿಯಲ್ಲಿ ಉದುರಾಗುವಷ್ಟು ಹುರಿದು, ಈರುಳ್ಳಿ, ಶುಂಠಿ, ಕರಿಮೆಣಸು ಹಾಕಿ, ಕೋಸನ್ನು ಕೊನೆಯ ಐದು ನಿಮಿಷಕ್ಕೆ ಸೇರಿಸಿ, ಕಾಚಂಪುಳಿಯ ನಾಲ್ಕೈದು ಹನಿ ಬಿಟ್ಟು ಇಳಿಸಿ. ಕುದಿಸಿ ಮಾಡುವ ಅಡುಗೆಗಳಿಗೆ ಕುರಿಯ ತೊಡೆ ಅಥವಾ ನಾಟಿ ಕೋಳಿ ಹೊಂದುತ್ತದೆ. ತೆಳು ಪಟ್ಟಿಗಳಾಗಿ ಹುರಿಯುವುದಕ್ಕೆ ಕೋಳಿಯ ಎದೆಯ ಭಾಗ ಸಾಕು.

ಸ್ಟೇಕ್ ಒಂದನ್ನು ಮಾತ್ರ ಹಾಗೆಯೇ ಬದಲಾಯಿಸಿಕೊಳ್ಳಬಾರದು. ದನದ ಮಾಂಸವನ್ನು ಒಳಗೆ ಕೆಂಪಗಿರುವಂತೆ ಬಿಡುವ ಪದ್ಧತಿ ಹಂದಿಗೆ ಸಲ್ಲದು. ಅರೆಬೆಂದ ಹಂದಿಮಾಂಸದಲ್ಲಿ ಲಾಡಿಹುಳುವಿನ ಮರಿಗಳಿದ್ದರೆ ಹುಳು ಕರುಳಿಗೆ ಸೇರುತ್ತದೆ. ಅಂಥವರ ಮಲದಿಂದ ಹೊರಬಿದ್ದ ಮೊಟ್ಟೆಗಳು ಕೊಳಕು ಕೈ, ನೀರು, ಹಸಿ ತರಕಾರಿಯ ಮೂಲಕ ಯಾರ ಹೊಟ್ಟೆ ಸೇರಿದರೂ ಮಿದುಳಿನವರೆಗೆ ಹೋಗಿ ಅಪಸ್ಮಾರಕ್ಕೆ ಕಾರಣವಾಗಬಲ್ಲವು. ಆದ್ದರಿಂದ ಹಂದಿಮಾಂಸವನ್ನು ಒಳಗೆ ಎಳ್ಳಷ್ಟೂ ಕೆಂಪು ಉಳಿಯದಂತೆ ಬೇಯಿಸುವುದು, ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳನ್ನು ಬಹಳ ಚೆನ್ನಾಗಿ ತೊಳೆಯುವುದು, ಎರಡೂ ಅಗತ್ಯ.

ಪ್ರಮಾಣದ ವಿಷಯದಲ್ಲಿಯೂ ನಿಮ್ಮನ್ನು ಎಚ್ಚರಿಸದಿರಲಾರೆ. ಹಂದಿ, ಕುರಿ, ದನ ಮೂರೂ ಕೆಂಪು ಮಾಂಸಗಳೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಕೆಂಪು ಮಾಂಸವನ್ನು ‘ಬಹುಶಃ ಕ್ಯಾನ್ಸರಿಗೆ ಕಾರಣವಾಗುವ’ ವರ್ಗದಲ್ಲಿಯೂ, ಬೇಕನ್, ಸಾಸೇಜಿನಂಥ ಸಂಸ್ಕರಿತ ಮಾಂಸವನ್ನು ‘ಕಾರಣವಾಗುವ’ ವರ್ಗದಲ್ಲಿಯೂ ಇರಿಸಿತು. ಬೇಯಿಸಿದ ಕೆಂಪು ಮಾಂಸ ವಾರಕ್ಕೆ 350ರಿಂದ 500 ಗ್ರಾಂ ಮೀರದಿರಲಿ ಎಂಬ ಸಲಹೆಯನ್ನು ನಾವು ಪಾಲಿಸುತ್ತೇವೆ. ಅಂದರೆ ವಾರದಲ್ಲಿ ಎರಡು ಮೂರು ರಾತ್ರಿ ಮಾತ್ರ, ಉಳಿದ ದಿನ ಮೀನು, ಕೋಳಿ, ಮೊಟ್ಟೆ. ಹಾಲು ಮೊಸರು ಬಿಟ್ಟವರಿಗೆ ಸುಣ್ಣದ ಅಂಶ ಕಡಿಮೆಯಾಗುವುದರಿಂದ ಮುಳ್ಳು ಸಹಿತ ತಿನ್ನುವ ಸಣ್ಣ ಮೀನು ಮತ್ತು ಎಳ್ಳನ್ನು ಮರೆಯಬಾರದು. ನೀವು ಇನ್ಸುಲಿನ್ನಾಗಲಿ ಸಕ್ಕರೆಯ ಮಾತ್ರೆಯಾಗಲಿ ತೆಗೆದುಕೊಳ್ಳುತ್ತಿದ್ದರೆ, ಅನ್ನ ರೊಟ್ಟಿಗಳನ್ನು ಒಮ್ಮೆಲೇ ಬಿಡುವ ಮೊದಲು ವೈದ್ಯರಿಗೆ ತಿಳಿಸಿ ಪ್ರಮಾಣ ಸರಿಪಡಿಸಿಕೊಳ್ಳಿ. ನಮ್ಮ ಮನೆಯಲ್ಲಿ ಇದನ್ನು ಮಾಡದೆ, ಎರಡನೆಯ ವಾರದ ಒಂದು ರಾತ್ರಿ ಯಜಮಾನರು ಬೆವರಿ ನಡುಗಿ ಕುಸಿದು ಕುಳಿತದ್ದನ್ನು ನಾನು ಇಂದಿಗೂ ಮರೆತಿಲ್ಲ. ಮೂತ್ರಪಿಂಡದ ತೊಂದರೆ ಅಥವಾ ಗೌಟ್ ಇರುವವರಿಗೆ ಈ ಕ್ರಮವೇ ಹೊಂದದಿರಬಹುದು.

ಒಬ್ಬರೇ ಇರುವವರಿಗೆ ಒಂದು ಕಿಲೋ ಹೆಚ್ಚೆನಿಸಿದರೆ ಅರ್ಧ ಕಿಲೋದಿಂದ ಆರಂಭಿಸಿ, ನೀರನ್ನು ಬಿಟ್ಟು ಉಳಿದೆಲ್ಲವನ್ನೂ ಅರ್ಧಕ್ಕಿಳಿಸಿ. ನೀರು ತೀರ ಕಡಿಮೆಯಾದರೆ ಕುಕ್ಕರು ತಳ ಹಿಡಿಯುತ್ತದೆ. ಭಾನುವಾರ ಮಾಡಿದ್ದನ್ನು ಆರಿದೊಡನೆ ಫ್ರಿಜ್ಜಿನಲ್ಲಿಟ್ಟರೆ ಮಂಗಳವಾರದವರೆಗೆ ಬರುತ್ತದೆ, ಮಸಾಲೆ ಒಳಗಿಳಿದು ಎರಡನೆಯ ದಿನವೇ ಹೆಚ್ಚು ರುಚಿ. ಮೇಲೆ ಬಿಳಿಯಾಗಿ ಗಟ್ಟಿಕಟ್ಟಿದ ನೆಣವನ್ನು ಎಸೆಯದೆ ಬೇರೆ ಬಟ್ಟಲಿಗೆ ತೆಗೆದಿಡಿ. ಬುಧವಾರ ಎಲೆಕೋಸು ಬಾಡಿಸಲು, ಗುರುವಾರ ಮೊಟ್ಟೆ ಹುರಿಯಲು ಅದೇ ಸಾಕಾಗುತ್ತದೆ.